ತೆನೆ ಕಟ್ಟುವ ಸರಳು

ಔರಾದಿನಲ್ಲಿ ಒಂದು ತೊಗರಿ ಗೋದಾಮಿಗೆ ತಗಡಿನ ಛಾವಣಿ ಏರಿಸುವ ಕೆಲಸ ಹಿಡಿದಿದ್ದೆ. ಅದರ ಗಡಿಬಿಡಿಯಲ್ಲಿ ಕೆಲವು ಭಾನುವಾರ ಆರಾಧನೆಗೆ ಹೋಗಲಾಗಿರಲಿಲ್ಲ. ಬಿಡುವು ಸಿಕ್ಕ ಮೊದಲ ಭಾನುವಾರ ನಮ್ಮೂರಿನ ಚರ್ಚಿಗೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಮೇಲೆ ನೋಡಿದೆ. ನಮ್ಮ ಕಸುಬಿನವರ ಚಾಳಿ ಇದು. ಯಾರ ಮನೆಗೆ ಹೋದರೂ ಮೊದಲು ಛಾವಣಿ ನೋಡುತ್ತೇವೆ, ಆಮೇಲೆ ಮನೆಯವರ ಮುಖ. ಅವತ್ತು ನೋಡಿದರೆ, ಮುಂದಿನ ಎರಡು ಕಬ್ಬಿಣದ ಸರಳುಗಳು ಇರಲಿಲ್ಲ.

ನಮ್ಮದು ಭಾಲ್ಕಿ ತಾಲೂಕಿನ ಒಂದು ಹಳ್ಳಿ. ಹೆಸರು ಬೇಡ. ಮಿಷನರಿಗಳ ಕಾಲದಲ್ಲಿ ಕಟ್ಟಿದ ಮೆಥೋಡಿಸ್ಟ್ ಚರ್ಚು ಅದು. ಕೆಂಪು ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಮಣ್ಣು, ಮೇಲೆ ಸುಣ್ಣದ ಗಾರೆ. ಎರಡೂ ಕಡೆ ಇಳಿಜಾರಾಗಿ ಸಾಗವಾನಿ ತೊಲೆಗಳು, ಅವುಗಳ ಮೇಲೆ ಭಾರದ ಹೆಂಚು. ಇಂಥ ಛಾವಣಿ ಗೋಡೆಯ ಮೇಲೆ ಸುಮ್ಮನೆ ಕೂರುವುದಿಲ್ಲ, ಗೋಡೆಯನ್ನು ಹೊರಗೆ ದಬ್ಬುತ್ತಲೇ ಇರುತ್ತದೆ. ಬಣ್ಣ ಹಚ್ಚುವವರ ಎರಡು ಕಾಲಿನ ಏಣಿ ನೋಡಿದ್ದೀರಲ್ಲ, ಕಾಲುಗಳ ನಡುವೆ ಒಂದು ಹಗ್ಗ ಕಟ್ಟಿರುತ್ತಾರೆ. ಆ ಹಗ್ಗ ಕತ್ತರಿಸಿದರೆ ಕಾಲುಗಳು ಜಾರಿ ಏಣಿ ಚಪ್ಪಟೆಯಾಗುತ್ತದೆ. ನಮ್ಮ ಚರ್ಚಿನಲ್ಲಿ ಆ ಹಗ್ಗದ ಕೆಲಸವನ್ನು ಮೂರು ಕಬ್ಬಿಣದ ಸರಳುಗಳು ಮಾಡುತ್ತಿದ್ದವು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಹೊರಗಡೆ ತಾಟಿನಂಥ ಕಬ್ಬಿಣದ ಬಿಲ್ಲೆ ಹಾಕಿ ಬಿಗಿದಿದ್ದರು. ಈಗ ಹಿಂದಿನದೊಂದೇ ಉಳಿದಿತ್ತು. ಹೊರಗೆ ಬಿಲ್ಲೆಗಳು ಇದ್ದಲ್ಲೇ ಇದ್ದವು, ಹೊಸ ಬಣ್ಣ ಬೇರೆ ಹಚ್ಚಿದ್ದರು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಎನ್ನಬೇಕು.

ಆರಾಧನೆ ಮುಗಿಯುವವರೆಗೂ ನನ್ನ ಬಾಯಿಂದ ಒಂದು ಸ್ತೋತ್ರ ಹೊರಡಲಿಲ್ಲ. ಮುಗಿದ ಕೂಡಲೇ ಕಮಿಟಿ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ನಿವೃತ್ತ ಹೆಡ್‌ಮಾಸ್ತರರು. ನನಗೂ ಶಾಲೆಯಲ್ಲಿ ಲೆಕ್ಕ ಕಲಿಸಿದವರು.

"ಸರ್, ಸರಳು ಎಲ್ಲಿ ಹೋದವ್ರಿ?"

"ತೆಗಸೀವಿ," ಎಂದರು ಖುಷಿಯಿಂದ. "ಈಗ ಆರಾಧನಿ ಮೊಬೈಲದಾಗ ಬರ್ತದಲ್ಲ, ಅದ್ರಾಗ ಸರಳು ಶಿಲುಬಿಗಿ ಅಡ್ಡ ಬರ್ಲತಿತ್ತು. ಶಿಲುಬಿ ನಡಬರಕ ಕೊಯ್ದಾಂಗ ಕಾಣ್ತಿತ್ತು ನೋಡು. ಪುಣೆದಾಗಿನ ನಮ್ಮ ಮಂದಿ, ಹೈದ್ರಾಬಾದಿನ ಮಂದಿ ಎಲ್ಲಾ ಹೇಳಿದ್ರು. ಶಿಲುಬಿಗಿ ಅಡ್ಡ ಏನೂ ಇರಬಾರದು ಅಂತ ಕಮಿಟಿ ಠರಾವು ಮಾಡ್ತು."

"ಸರ್, ಅವು ಗ್ವಾಡಿ ಹಿಡದಿದ್ದ ಸರಳು ಅವರಿ."

"ಗ್ವಾಡಿ ಹಿಡಿಲಾಕ ಕರ್ತ ಇದ್ದಾನ."

ಸುತ್ತ ನಿಂತವರು "ಆಮೆನ್" ಎಂದರು. ಆ ಆಮೆನ್ ಮೇಲೆ ನಾನು ಏನು ಮಾತಾಡಲಿ?

ನನ್ನ ಕಾರ್ಖಾನೆ ಇರುವುದು ಬೀದರಿನ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ. ಶೆಡ್ಡು, ಗೋದಾಮು, ಅವುಗಳ ಕಬ್ಬಿಣದ ಚೌಕಟ್ಟು ಮಾಡಿ ನಿಲ್ಲಿಸುವುದು ನನ್ನ ಉದ್ಯೋಗ. ಹಳೇ ಕಲ್ಲಿನ ಗೋಡೆಯ ವಿಷಯ ನನಗೆ ಪೂರ್ತಿ ಗೊತ್ತು ಎಂದು ಹೇಳಲಾರೆ. ಅದಕ್ಕೇ ಬೀದರಿನಿಂದ ಒಬ್ಬ ಮುಸ್ಲಿಂ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಹಳೇ ಕಟ್ಟಡಗಳ ಗಾರೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಅವರು ದಕ್ಷಿಣದ ಗೋಡೆಯ ಉದ್ದಕ್ಕೂ ಬೆರಳ ಗಂಟಿನಿಂದ ಬಡಿಯುತ್ತ ಹೋದರು. ಒಂದು ಕಡೆ ನಿಂತು ಕಿವಿ ಹಚ್ಚಿದರು. ಆಮೇಲೆ ದಾರಕ್ಕೆ ಕಟ್ಟಿದ ತೂಗುಗುಂಡನ್ನು ಮೇಲಿನಿಂದ ಇಳಿಬಿಟ್ಟರು. ಮೇಲೆ ಗೋಡೆಗೆ ತಾಗಿದ್ದ ದಾರ ಕೆಳಗೆ ಬರುವಷ್ಟರಲ್ಲಿ ಗೋಡೆಯಿಂದ ದೂರ ನಿಂತಿತ್ತು. ನಡುವೆ ನನ್ನ ಹೆಬ್ಬೆರಳು ಹಿಡಿಯುತ್ತಿತ್ತು.

"ದೀವಾರ್ ಬಾಹರ್ ಕು ಜಾರೈ, ಸಾಬ್," ಎಂದರು. ಗೋಡೆ ಹೊರಗೆ ಹೊರಟಿದೆ ಎಂದು.

"ಬೀಳ್ತದೇನ್ರಿ?"

"ಖುದಾ ಜಾನೇ. ನಿಂತ್ರ ನಮ್ಮ ಮೊಮ್ಮಕ್ಕಳ ತನಕಾ ನಿಂತೀತು. ಬೀಳೂದಿದ್ರ ಹೇಳಿ ಬೀಳಲ್ರಿ."

ಬೀಳುತ್ತದೆ ಎಂದು ಅವರು ಖಡಾಖಂಡಿತ ಹೇಳಿದ್ದರೆ ನಾನು ಊರೆಲ್ಲ ಕೂಗಾಡುತ್ತಿದ್ದೆ. ಬೀಳುವುದಿಲ್ಲ ಎಂದಿದ್ದರೆ ನೆಮ್ಮದಿಯಿಂದ ಮಲಗುತ್ತಿದ್ದೆ. ಅವರು ಎರಡೂ ಹೇಳಲಿಲ್ಲ. ಹಳೇ ವಾಲಿಕೆ ಅದು, ಮಿಷನರಿಗಳ ಕಾಲದಿಂದಲೂ ಹಾಗೇ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಗೋಡೆ ನಿಂತಿದೆಯೋ ನಡೆಯುತ್ತಿದೆಯೋ ತಿಳಿಯಬೇಕಿತ್ತು.

ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಾರೆ ಮೆತ್ತುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಶಿಲುಬೆ ಇರುವ ಮುಂದಿನ ಗೋಡೆಗೆ ದಕ್ಷಿಣದ ಗೋಡೆ ಕೂಡುವ ಮೂಲೆಯಲ್ಲಿ ಒಂದು ಬಿರುಕು ಇತ್ತು. ಅದರ ಮೇಲೆ ಗಾಜು ಕೂರಿಸಿದೆ. ಪಾಸ್ಟರರಿಗೆ ಹೇಳಿಯೇ ಕೂರಿಸಿದ್ದು. ಅವರು ಹೊಸದಾಗಿ ಬಂದ ತರುಣರು, ತಲೆಯಾಡಿಸಿದ್ದರು. ಮರುದಿನ ಔರಾದಿಗೆ ಹೊರಡುವ ಮೊದಲು ನೋಡಿದರೆ ಗಾಜು ಇಲ್ಲ. ಯಾರೋ ಕಿತ್ತು ಹಾಕಿದ್ದರು. ಕಾರ್ಯದರ್ಶಿಗಳನ್ನು ಕೇಳಿದೆ.

"ದೇವರ ಗ್ವಾಡಿಗಿ ಗಾಜ ಹಚ್ಚೂದಂದ್ರ ಏನೋ? ಹೆಂಗಸೂರು ಮಾಟ ಮಾಡ್ಯಾರಂತ ಅಂಜಲತಾರ. ನೀ ಸಾಬರ ಮೇಸ್ತ್ರಿಗಿ ಕರ್ಕೊಂಡು ಬಂದು ಬಡದಿದ್ದೂ ಎಲ್ಲರೂ ನೋಡ್ಯಾರ. ಹಳೇ ಹೆಂಚ ತೆಗದು ನಿನ್ನ ತಗಡ ಹಾಕ್ಲಾಕ ನೀ ಇದೆಲ್ಲ ಮಾಡ್ಲತಿ ಅಂತ ಮಂದಿ ಮಾತಾಡ್ಲತಾರ."

"ನೀವೂ ಹಂಗ ಅಂತೀರೇನ್ರಿ ಸರ್?"

ಅವರು ಮನೆಯ ಕಡೆ ನಡೆದರು. ನಾನು ಬೇರೆ ಗಾಜು ತಂದು ಛಾವಣಿಯ ಹತ್ತಿರ, ಯಾರ ಕಣ್ಣಿಗೂ ಬೀಳದಷ್ಟು ಮೇಲೆ, ಇನ್ನೊಂದು ಪಟ್ಟಿ ಕೂರಿಸಿದೆ.

ಹಿತ್ತಲ ಗಿಡ ಮದ್ದಲ್ಲ ಎಂಬುದು ಎಲ್ಲ ಊರಿಗೂ ಇರುವ ಮಾತು. ಅದನ್ನು ಸಹಿಸಬಹುದಿತ್ತು. ನಮ್ಮವರು ಅಲ್ಲಿಗೆ ನಿಲ್ಲಿಸಲಿಲ್ಲ. ನನಗೆ "ಭಯದ ಆತ್ಮ" ಹಿಡಿದಿದೆ ಎಂದು ತೀರ್ಮಾನಿಸಿದರು. ಆ ವಾರದ ಗೃಹಪ್ರಾರ್ಥನೆ ನಮ್ಮ ಮನೆಯಲ್ಲೇ ಇಡುತ್ತೇವೆ ಎಂದು ಹೇಳಿ ಕಳಿಸಿದರು. ಪ್ರಾರ್ಥನೆಗೆ ಬರುತ್ತೇವೆ ಎಂದವರಿಗೆ ಬೇಡ ಎನ್ನುವ ರೂಢಿ ನಮ್ಮಲ್ಲಿ ಇಲ್ಲ. ಸಂಜೆ ಜಮಖಾನೆ ಹಾಸಿದೆವು. ಎರಡು ಹಾಡು ಆದ ಮೇಲೆ ನನ್ನನ್ನು ನಡುವೆ ಕೂರಿಸಿ ಸುತ್ತ ನಿಂತರು. ತಲೆ, ಹೆಗಲು, ಬೆನ್ನು, ಎಲ್ಲದರ ಮೇಲೂ ಕೈಗಳು. ಪಾಸ್ಟರರ ಅಂಗೈ ನನ್ನ ಹಣೆಯನ್ನು ಹಿಂದಕ್ಕೆ ಒತ್ತುತ್ತಿತ್ತು.

"ಭಯದ ಆತ್ಮವೇ, ಈ ಮನುಷ್ಯನನ್ನು ಬಿಟ್ಟು ಹೋಗು! ಸಭೆಯನ್ನು ಒಡೆಯುವ ಆತ್ಮವೇ, ಹೊರಗೆ ಬಾ!"

ಎಲ್ಲರೂ ದನಿ ಏರಿಸಿದರು. ಬಾಗಿಲಲ್ಲಿ ಅಕ್ಕಪಕ್ಕದ ಓಣಿಯವರು ನೆರೆದರು. ಗೋಡೆಯ ಹತ್ತಿರ ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಹೆಂಡತಿ ನಿಂತಿದ್ದಳು. ಅವಳು ಚರ್ಚಿನ ಹಾಡುಗಾರರ ಗುಂಪಿನವಳು, ಅವರೆಲ್ಲ ಅವಳ ಗೆಳತಿಯರು. ಅವಳು ನನ್ನ ಕಡೆ ನೋಡಲೇ ಇಲ್ಲ. ಬಾಲ್ಯದಿಂದ ನನಗೆ ಗೊತ್ತಿದ್ದ ಕೈಗಳು ಅವು. ನನ್ನ ಮದುವೆಯಲ್ಲಿ ಬಡಿಸಿದ ಕೈಗಳು, ನನ್ನ ಅಪ್ಪನ ಶವಪೆಟ್ಟಿಗೆ ಹೊತ್ತ ಕೈಗಳು. ಎದ್ದು ಒಂದೊಂದೇ ಕೈ ಕಿತ್ತೆಸೆಯಬೇಕು ಅನಿಸಿತು. ಎದ್ದರೆ ಆತ್ಮ ಆಡಿಸುತ್ತಿದೆ ಎನ್ನುತ್ತಾರೆ, ಕೂತರೆ ಆತ್ಮ ಬಿಟ್ಟಿತು ಎನ್ನುತ್ತಾರೆ. ಕೂತೇ ಇದ್ದೆ. ಮುಗಿದ ಮೇಲೆ ಎಲ್ಲರೂ ಚಹಾ ಕುಡಿದು ಬಿಸ್ಕೀಟು ತಿಂದು "ಕರ್ತ ಒಳ್ಳೇದು ಮಾಡ್ಲಿ" ಎಂದು ಹೋದರು.

ಅವರು ಹೋದ ಮೇಲೆ ಹೆಂಡತಿ ಕಪ್ಪುಗಳನ್ನು ಎತ್ತುತ್ತ, "ಅವರೇನು ವೈರಿಗಳಲ್ರಿ. ಸುಮ್ಮ ಇದ್ದಬಿಡ್ರಿ," ಎಂದಳು.

"ಹಾಡುವಾಗ ನೀ ಎಲ್ಲಿ ನಿಂದರ್ತಿ, ನೆನಪದನು? ಆ ಗ್ವಾಡಿಗಿ ಹತ್ತೇ ನಿಂದರ್ತಿ."

"ನಾಕ ಮಂದ್ಯಾಗ ಇರೋರು ನಾವು. ನಾಳಿ ಸತ್ರ ಹೊರೋರು ಯಾರ್ರಿ?"

ಅದು ಬರೀ ಮಾತಲ್ಲ. ನಮ್ಮಂಥ ಸಣ್ಣ ಸಭೆಯಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ಆಗಲೇ ಶುರುವಾಗಿತ್ತು. ಭಾನುವಾರ ನಾನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಪ್ರಭುಭೋಜನಕ್ಕೆ ಮೊಣಕಾಲೂರಿದರೆ ನನ್ನ ಎರಡೂ ಪಕ್ಕ ಜಾಗ ಖಾಲಿ. "ವಂದನೆ" ಎಂದರೆ ಗಾಳಿಗೆ ಹೇಳಿದ ಹಾಗೆ.

ಅಷ್ಟರಲ್ಲಿ ಅಕಾಲದ ಮಳೆ ಬಂತು. ಈ ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತವೆ. ಅವತ್ತು ಔರಾದಿನ ಗೋದಾಮಿನ ತಗಡಿನ ಕೆಳಗೆ ನಿಂತಿದ್ದೆ, ಮೇಲೆ ಕಲ್ಲು ಸುರಿದ ಹಾಗೆ ಸದ್ದು. ನನ್ನ ಜೀವ ಮಾತ್ರ ನಮ್ಮೂರಿನ ಹೆಂಚಿನ ಮೇಲಿತ್ತು. ಒಡೆದ ಹೆಂಚಿನಿಂದ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ, ಒಳಗಿನ ಮಣ್ಣು ನೆನೆಯುತ್ತದೆ, ನೆನೆದ ಹೆಂಚು ಇನ್ನೂ ಭಾರವಾಗುತ್ತದೆ. ಕೆಲಸ ಬಿಟ್ಟು ಗಾಡಿ ಓಡಿಸಿಕೊಂಡು ಬಂದೆ. ಏಣಿ ಹಚ್ಚಿ ಮೇಲೆ ಹತ್ತಿ ನೋಡಿದರೆ ಗಾಜಿನ ಪಟ್ಟಿ ಸರಿಯಾಗಿ ನಡುವೆ ಒಡೆದಿತ್ತು. ಎರಡು ತುಂಡುಗಳ ಮಧ್ಯೆ ನನ್ನ ಉಗುರು ಹೋಯಿತು. ಗೋಡೆ ನಡೆಯುತ್ತಿತ್ತು.

ಬರುವ ಭಾನುವಾರವೇ ಸುಗ್ಗಿ ಹಬ್ಬದ ಆರಾಧನೆ. ಸುತ್ತಲಿನ ಹಳ್ಳಿಗಳಿಂದ, ಮೆಹಕರದಂಥ ಗಡಿಯ ಊರುಗಳಿಂದಲೂ ಬಂಧುಬಳಗ ಬರುತ್ತದೆ. ಕೂರಲು ಜಾಗ ಸಾಲದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಸಂಡೇ ಸ್ಕೂಲಿನ ಮಕ್ಕಳಿಗೆ ಎಲ್ಲರಿಗಿಂತ ಮುಂದೆ ಜಮಖಾನೆ ಹಾಸುತ್ತಾರೆ, ಸರಿಯಾಗಿ ಆ ಎರಡು ಸರಳುಗಳಿದ್ದ ಜಾಗದ ಕೆಳಗೆ.

ಮರುದಿನ ಭಾಲ್ಕಿಗೆ ಹೋದೆ. ತಹಶೀಲ್ ಕಚೇರಿಗೆ ಹೋಗಿ ಹೇಳಿದರೆ ಅವರು ಬಂದು ನೋಡಿ ಬೀಗ ಹಾಕಬಹುದಿತ್ತು. ಗೇಟಿನ ತನಕ ಹೋದವನು ಅಲ್ಲೇ ಬೇವಿನ ಗಿಡದ ಕೆಳಗೆ ನಿಂತುಬಿಟ್ಟೆ. ಒಮ್ಮೆ ಸರ್ಕಾರದ ಬೀಗ ಬಿದ್ದರೆ ಅದನ್ನು ಯಾವಾಗ ತೆಗೆಯುತ್ತಾರೆ, ಯಾರು ಯಾರು ಅಡ್ಡ ಬರುತ್ತಾರೆ, ಯಾರಿಗೆ ಗೊತ್ತು? ವಿಶ್ವಾಸಿಗಳು ತಮ್ಮ ವ್ಯಾಜ್ಯವನ್ನು ಹೊರಗಿನವರ ಕಟ್ಟೆಗೆ ಒಯ್ಯಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಒಳಗೆ ಹೋದರೆ ಚರ್ಚು ಮುಚ್ಚಿಸಿದವನು, ಹೋಗದಿದ್ದರೆ ಮಕ್ಕಳನ್ನು ಕೊಂದವನು. ಥೂ, ಇದೆಂಥ ಇಕ್ಕಟ್ಟು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಒಳಗೆ ಹೋಗಲಿಲ್ಲ. ಎಲ್ಲೂ ದಾರಿ ಕಾಣದಿದ್ದರೆ ಶನಿವಾರದೊಳಗೆ ಮತ್ತೆ ಬರುತ್ತೇನೆ ಎಂದುಕೊಂಡು ಔರಾದಿನ ಕಡೆ ಗಾಡಿ ತಿರುಗಿಸಿದೆ.

ದಾರಿಯಲ್ಲಿ ಸಂತಪುರ. ಅಲ್ಲಿ ನನ್ನ ಅಕ್ಕ ಇದ್ದಾಳೆ. ನರ್ಸಾಗಿ ದುಡಿದು ನಿವೃತ್ತಳಾದವಳು, ನಾಲಿಗೆ ಖಾರದ ಪುಡಿ. ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಹತ್ತಿರವೇ ಕೂತು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಮನೆಗೆ ಬಂದು ಕೈಯಿಟ್ಟವರ ಒಬ್ಬೊಬ್ಬರ ಮಾತೂ ತೆಗೆದೆ. ಕೊನೆಗೆ ಅತ್ತುಬಿಟ್ಟೆ. ಅವಳು ತಟ್ಟೆಗೆ ರೊಟ್ಟಿ ಹಾಕಿ ಕೇಳಿದಳು.

"ತಮ್ಮಾ, ನೀ ಗ್ವಾಡಿಗಿ ಅಂಜತಿಯೋ, ಮಂದಿಗಿ ಅಂಜತಿಯೋ?"

"ಗ್ವಾಡಿಗಿ."

"ಸುಳ್ಳ ಹೇಳಬ್ಯಾಡ. ಬಂದಾಗಿಂದ ಗ್ವಾಡಿ ಮಾತು ಒಂದು ಆಡಿದ್ರ ಮಂದಿ ಮಾತು ಹತ್ತು ಆಡಿದಿ."

ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು.

"ಎರಡೂ ಅಂಜಿಕಿ ಒಬ್ಬನೇ ಹೊರಲಾಕ ಆಗಲ್ಲೋ. ಒಂದು ದೇವರ ಮ್ಯಾಲ ಹಾಕು. ನಿನ್ನ ಹೆಸರು, ನಿನ್ನ ಮಾನ, ಸತ್ರ ಹೊರೋರು ಯಾರು, ಅದೆಲ್ಲ ಆತನ ಕೆಲಸ. ಆತನ ಕೈ ಮೀರಿ ಅವರು ನಿನ್ನ ಒಂದು ಕೂದಲೂ ಕೊಂಕಸಲ್ಲ. ಗ್ವಾಡಿದು ಇಟ್ಕೋ. ಅದು ನಿನಗೇ ಕೊಟ್ಟಾನ."

"ಅವರಿಗೂ ಕೊಡಬೇಕಿತ್ತಲ್ಲ ಅಂಜಿಕಿ, ಜರಾ."

"ಅದೂ ಆತನ ಕೆಲಸನೇ. ಉಣ್ಣು ಮೊದಲು, ಆರ್ತದ."

ಅಕ್ಕನ ಮಾತು ಕೇಳಿ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಕಡಿಮೆಯಾಯಿತು. ಉಳಿದರ್ಧ ಹೊತ್ತುಕೊಂಡು ಕೆಲಸ ಮಾಡಬಹುದು ಅನಿಸಿತು.

ದಾರಿ ಸಿಕ್ಕಿದ್ದು ಮನೆಯಲ್ಲೇ. ಸಂಜೆ ಹೆಂಡತಿ ಚರ್ಚಿನಿಂದ ಬಂದು ಬೇಸರದಿಂದ ಹೇಳಿದಳು: "ಹಳ್ಳಿ ಮುದಕಿಯರು ಕೇಳ್ಲತಾರ, ಈ ಸಲ ಜೋಳದ ಸಿವುಡು ಎಲ್ಲಿ ಕಟ್ಟೂದು ಅಂತ. ಸರಳೇ ಇಲ್ಲಲ್ಲ."

ನಮ್ಮಲ್ಲಿ ಸುಗ್ಗಿ ಹಬ್ಬಕ್ಕೆ ಮೊದಲ ಬೆಳೆಯ ತೆನೆಗಳನ್ನು ಸಿವುಡು ಕಟ್ಟಿ ತರುತ್ತಾರೆ. ಅವನ್ನು ತಲೆ ಕೆಳಗಾಗಿ ಆ ಸರಳುಗಳಿಗೆ ಸಾಲಾಗಿ ನೇತು ಹಾಕುವುದು ಅಜ್ಜ ಅಜ್ಜಿಯರ ಕಾಲದ ಪದ್ಧತಿ. ತೆನೆಯ ಕೆಳಗೆ ಕೂತು ಸ್ತೋತ್ರ ಹೇಳದಿದ್ದರೆ ಹಬ್ಬ ಹಬ್ಬವಲ್ಲ ಎನ್ನುವ ಮುದುಕಿಯರಿದ್ದಾರೆ. ಸರಳು ಕತ್ತರಿಸುವಾಗ ಕಮಿಟಿಗೆ ಇದು ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಮನೆಗೆ ಹೋದೆ. ಅಂಗಳದಲ್ಲಿ ಕೂತು ಹಸಿ ಕಡಲೆ ಬಿಡಿಸುತ್ತಿದ್ದರು.

"ಸರ್, ಹಬ್ಬಕ್ಕ ಎರಡು ಸರಳು ನಾ ಹಾಕ್ತೇನಿ. ಮೊದಲಿದ್ದ ಜಾಗದಾಗೇ. ಸಭೆಗಿ ಒಂದ ಪೈಸಾ ಖರ್ಚಿಲ್ಲ. ತೆನಿ ಕಟ್ಟಲಾಕ ಅಂತ ನೀವು ಮಂದಿಗಿ ಹೇಳ್ರಿ. ನಾ ಮಾತ್ರ ನಿಮಗ ಗ್ವಾಡಿ ಹಿಡಿಲಾಕ ಅಂತೇ ಹೇಳ್ತೇನಿ. ಗ್ವಾಡಿ ಸರದದರಿ. ಗಾಜ ಒಡದದ."

ಅವರು ಬಹಳ ಹೊತ್ತು ಕಡಲೆ ಬಿಡಿಸಿದರು. ಮುದುಕಿಯರು ಅವರ ಅಂಗಳಕ್ಕೂ ಬಂದು ಹೋಗಿದ್ದರು ಅನಿಸುತ್ತದೆ. ಕೊನೆಗೆ ಅಂದರು: "ಆಯ್ತು. ಹಬ್ಬದ ತನಕಾ ಇರ್ಲಿ. ಹಬ್ಬ ಮುಗದ ಮ್ಯಾಲ ತೆಗದಬಿಡೂದು. ಖರೆ ಒಂದು ಮಾತು. ನೀ ಇಷ್ಟು ದಿನಾ ಸಭೆಗಿ ಅಂಜಸ್ದಿ. ಹಬ್ಬದ ದಿನಾ ಎಲ್ಲರ ಮುಂದ ಎದ್ದು ನಿಂತು ಕ್ಷಮಾ ಕೇಳಬೇಕು. ಕಮಿಟಿ ಮಂದಿ ಬ್ಯಾರೆ ಹ್ಯಾಂಗೂ ಒಪ್ಪಲ್ಲ."

ನನ್ನ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವರು ಅವರು, ಕ್ಷಮೆ ಕೇಳಬೇಕಾದವನು ನಾನು! ಅಲ್ಲಿಂದ ಎದ್ದು ಬಂದಿದ್ದರೆ ಯಾರೂ ನನ್ನನ್ನು ಹಳಿಯುತ್ತಿರಲಿಲ್ಲ. ಬಿದ್ದರೆ ಬೀಳಲಿ, ಆವಾಗ ಗೊತ್ತಾಗುತ್ತದೆ ಇವರಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದ ಮರುಗಳಿಗೆ ನನಗೇ ಭಯವಾಯಿತು. ಅಷ್ಟು ದಿನ ಗೋಡೆಗೆ ಹೆದರಿದ್ದಕ್ಕಿಂತ ಆ ಒಂದು ಗಳಿಗೆ ನನ್ನ ಮನಸ್ಸಿಗೆ ಹೆಚ್ಚು ಹೆದರಿದೆ. ಗೋಡೆ ಬೀಳಲಿ ಎಂದು ಒಳಗೆ ಯಾರೋ ಬಯಸಿದ್ದರು, ಆ ಯಾರೋ ನಾನೇ. ಅಕ್ಕನ ಒಲೆ ನೆನಪಾಯಿತು. ಹೆಸರು ಆತನ ಕೆಲಸ.

"ಕೇಳ್ತೇನ್ರಿ ಸರ್," ಎಂದೆ. "ಶನಿವಾರ ಕೀಲಿ ಕೊಡ್ರಿ."

ಕೊಳಾರದ ಕಾರ್ಖಾನೆಯಲ್ಲಿ ಸರಳು ತಯಾರಾದವು. ಒಂದೊಂದೂ ಎರಡು ತುಂಡು. ನಡುವೆ ಬಿಗಿಯುವ ಕಬ್ಬಿಣದ ಕೂಡುಗೆ, ಅದನ್ನು ತಿರುಗಿಸಿದಂತೆ ಎರಡೂ ತುಂಡುಗಳು ಒಳಗೆ ಎಳೆದುಕೊಳ್ಳುತ್ತವೆ. ಶನಿವಾರ ಬೆಳಿಗ್ಗೆ ನನ್ನ ಇಬ್ಬರು ಕೆಲಸಗಾರರು ಮತ್ತು ಬೀದರಿನ ಮೇಸ್ತ್ರಿ ಬಂದರು. ಮೊದಲು ದಕ್ಷಿಣದ ಗೋಡೆಗೆ ಹೊರಗಿನಿಂದ ಓರೆಯಾಗಿ ಪೈಪುಗಳ ಊರುಗೋಲು ಕೊಟ್ಟೆವು. ಹಳೇ ಸರಳಿನ ಮೊಂಡು ತುದಿಗಳನ್ನು ಬಿಲ್ಲೆ ಸಮೇತ ಎಳೆದು ತೆಗೆದು ಹೊಸದನ್ನು ತೂರಿಸಿದೆವು. ಮೇಸ್ತ್ರಿ ಹೊರಗೆ ತೂಗುಗುಂಡು ಹಿಡಿದು ನಿಂತರು. ಒಳಗೆ ಏಣಿಯ ಮೇಲೆ ನಾನು. ಹೊರಟ ಗೋಡೆಯನ್ನು ಎಳೆದು ತರುವ ಹುಂಬತನ ಮಾಡಬಾರದು, ಇದ್ದಲ್ಲೇ ಹಿಡಿದು ನಿಲ್ಲಿಸಬೇಕು. ಅರ್ಧ ಸುತ್ತು ಇದನ್ನು, ಅರ್ಧ ಸುತ್ತು ಅದನ್ನು.

ಮೊದಲನೆಯದು ಬಿಗಿಯಾಗುತ್ತ ಬಂತು ಅನ್ನುವಾಗ ಮೇಸ್ತ್ರಿ ಹೊರಗಿನಿಂದ, "ರುಕೋ, ರುಕೋ!" ಎಂದು ಚೀರಿದರು. ಓಡಿ ಹೋಗಿ ನೋಡಿದರೆ ಬಿಲ್ಲೆ ಗೋಡೆಯೊಳಗೆ ಇಳಿಯುತ್ತಿತ್ತು. ಮಳೆಗೆ ನೆನೆದ ಕಲ್ಲು ಸುತ್ತಲೂ ಪುಡಿಯಾಗಿ ಉದುರುತ್ತಿತ್ತು. ಇನ್ನೆರಡು ಸುತ್ತು ತಿರುಗಿಸಿದ್ದರೆ ಬಿಲ್ಲೆ ಗೋಡೆಯನ್ನೇ ಸೀಳುತ್ತಿತ್ತು. ಕೈಯಲ್ಲಿದ್ದ ಬಿಗಿಯುವ ಪಾನಾ ಕೆಳಗೆ ಹಾಕಿದೆ. ಕಾಪಾಡಲು ಹೋಗಿ ನಾನೇ ಕೆಡವುತ್ತಿದ್ದೇನೆಯೇ? ಒತ್ತಡ ಹಂಚಿಹೋಗಲು ಬಿಲ್ಲೆಯ ಕೆಳಗೆ ಉದ್ದನೆಯ ಅಗಲ ಕಬ್ಬಿಣ ಬೇಕಿತ್ತು. ಅದು ಇದ್ದದ್ದು ಕೊಳಾರದಲ್ಲಿ. ಒಳಗೆ ಯಾರನ್ನೂ ಬಿಡಬೇಡಿ ಎಂದು ಮೇಸ್ತ್ರಿಗೆ ಹೇಳಿ ಪಿಕಪ್ಪು ತೆಗೆದುಕೊಂಡು ಬೀದರಿಗೆ ಓಡಿದೆ. ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಮಾತು: ಕರ್ತನೇ, ನಾನು ಬರುವ ತನಕ ಹಿಡಿದಿರು.

ವಾಪಸು ಬಂದಾಗ ಬಾಗಿಲು ಹಾರು ಹೊಡೆದಿತ್ತು. ಒಳಗೆ ಹೆಂಗಸರು ಕುಂಬಳಕಾಯಿ, ಕಬ್ಬು, ಹೂವು ಜೋಡಿಸುತ್ತಿದ್ದರು. ಮೇಸ್ತ್ರಿ ಪಾಪ, ಹೆಂಗಸರನ್ನು ತಡೆಯಲಾರದೆ ಹೊರಗೆ ಕೈ ಹಿಸುಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಬೆಂಚಿನ ಮೇಲೆ ನಿಂತು, ಅದೇ ಗೋಡೆಗೆ ಕೈಯೂರಿ ಹೂವಿನ ಸರ ಕಟ್ಟುತ್ತಿದ್ದಳು.

"ಇಳಿ!" ಎಂದು ಕಿರುಚಿದೆ. "ಎಲ್ಲರೂ ಹೊರಗ ನಡೀರಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಭಯದ ಆತ್ಮ ಮತ್ತೆ ಬಂತು ಎಂದು ಯಾರೋ ಪಿಸುಗುಟ್ಟಿದ್ದೂ ಕೇಳಿಸಿತು. ಹೆಂಡತಿ ನಗಲಿಲ್ಲ. ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಮದುವೆಯಾದಾಗಿನಿಂದ ನಾನು ಅವಳ ಮೇಲೆ ಹಾಗೆ ಕೂಗಿದ್ದಿಲ್ಲ. ಬೆಂಚಿನಿಂದ ಇಳಿದು, "ನಡೀರಿ ಅಕ್ಕ, ಹೊರಗ ಕೂಡೋಣ," ಎಂದು ಎಲ್ಲರನ್ನೂ ಕರೆದುಕೊಂಡು ಹೋದಳು.

ಗದ್ದಲ ಕೇಳಿ ಕಾರ್ಯದರ್ಶಿಗಳು ಬಂದರು. ನನ್ನ ಕೆಲಸಗಾರರಿಬ್ಬರೂ ಹೊರಗೆ ಕಬ್ಬಿಣ ಎತ್ತಿ ಹಿಡಿದಿದ್ದರಿಂದ ಏಣಿ ಹಿಡಿಯಲು ಯಾರೂ ಇರಲಿಲ್ಲ. "ಸರ್, ಜರಾ ಹಿಡೀರಿ" ಎಂದೆ. ಹಬ್ಬದ ಬಿಳಿ ಅಂಗಿಯಲ್ಲಿದ್ದ ಅವರು ಏನೂ ಅನ್ನದೆ ಹಿಡಿದರು. ನಾನು ತಿರುಗಿಸತೊಡಗಿದೆ. ಅರ್ಧ ಸುತ್ತು ಇದು, ಅರ್ಧ ಸುತ್ತು ಅದು. ಸರಳಿನ ಜೋಲು ಹೋಗಿ ನೇರವಾಯಿತು. ಇನ್ನರ್ಧ ಸುತ್ತು. ಆಗ ಮೂಲೆಯಲ್ಲಿ, ಗೋಡೆಯ ಹೊಟ್ಟೆಯೊಳಗಿನಿಂದ ಕಟಕ್ ಎಂದು ಒಂದು ಸದ್ದು ಬಂತು. ಮೇಲಿನಿಂದ ಗಾರೆಯ ಹೆಂಟೆಯೊಂದು ಬಿದ್ದು, ಕೆಂಪು ಮಣ್ಣು ಕಾರ್ಯದರ್ಶಿಗಳ ತಲೆ, ಹೆಗಲು, ಬಿಳಿ ಅಂಗಿಯ ಮೇಲೆಲ್ಲ ಸುರಿಯಿತು. ಏಣಿ ನಡುಗುತ್ತಿತ್ತು. ನನ್ನ ಕಾಲಿನಿಂದಲ್ಲ, ಅವರ ಕೈಯಿಂದ.

"ಏನೋ ಅದು?" ಎಂದರು.

"ಗ್ವಾಡಿ ಸರಳಿಗಿ ಆತು ಕೂತದರಿ ಸರ್."

ಹೊರಗಿನಿಂದ ಮೇಸ್ತ್ರಿ, "ಬಸ್, ಸಾಬ್! ನಿಂತದ!" ಎಂದರು. ಕಾರ್ಯದರ್ಶಿಗಳು ಅಂಗಿ ಝಾಡಿಸಿಕೊಳ್ಳಲೂ ಇಲ್ಲ. ಮೇಲೆ ಆ ಮೂಲೆಯನ್ನೇ ನೋಡುತ್ತ ನಿಂತರು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಎರಡೂ ಸರಳುಗಳ ತುಂಬ ಜೋಳದ ಸಿವುಡು, ಶಿಲುಬೆಗೆ ಅಡ್ಡವಾಗಿ ತೆನೆಗಳ ತೋರಣ. ಆರಾಧನೆಯ ನಡುವೆ ಪಾಸ್ಟರರು ನನ್ನ ಹೆಸರು ಕರೆದರು. ಎದ್ದು ನಿಂತೆ.

"ನನಗ ಅಂಜಿಕಿ ಇತ್ತು," ಎಂದೆ. "ಈಗೂ ಅದ. ನನ್ನ ಅಂಜಿಕಿಯಿಂದ ಯಾರ ಮನಸಿಗಿ ನೋವಾಗ್ಯದೋ ಅವರು ಕ್ಷಮಾ ಮಾಡ್ರಿ."

ಅಷ್ಟೇ ಹೇಳಿ ಕೂತೆ. "ಸ್ತೋತ್ರ" ಎಂದರು ಕೆಲವರು. ಯಾರೋ ಚಪ್ಪಾಳೆ ಹೊಡೆದರು. ನಾನು ಕಾರ್ಯದರ್ಶಿಗಳ ಕಡೆ ನೋಡಿದೆ. ಗೋಡೆಯ ಸದ್ದು ಕೇಳಿದವರು ಆ ಸಭೆಯಲ್ಲಿ ನಾವಿಬ್ಬರೇ. ಅವರು ಎದ್ದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ಸ್ತೋತ್ರಪುಸ್ತಕ ತಿರುವುತ್ತ ಕೂತರು. ಮನೆಯಲ್ಲಿ ಹಣೆಯ ಮೇಲೆ ಅಂಗೈಗಳು ಒತ್ತಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಆದರೆ ಆರಾಧನೆಗೆ ಮೊದಲು ನಡೆದದ್ದೊಂದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ನಾನು ಬೇಗ ಹೋಗಿದ್ದೆ. ಮಕ್ಕಳ ಜಮಖಾನೆಯನ್ನು ಎಂದಿನ ಜಾಗದಲ್ಲಿ ಹಾಸಿದ್ದರು. ಕಾರ್ಯದರ್ಶಿಗಳು ಒಬ್ಬರೇ ಬಂದು, ಬಗ್ಗಿ, ಅದರ ತುದಿ ಹಿಡಿದು ಹಿಂದಕ್ಕೆ ಎಳೆದರು. ಮೂರನೆಯ ಸರಳಿನ, ಯಾರೂ ಕತ್ತರಿಸದ ಆ ಹಳೇ ಸರಳಿನ ಹಿಂದಕ್ಕೆ. ಮಕ್ಕಳು ಬಂದಾಗ, "ಇಲ್ಲಿ ಕೂಡ್ರ್ಯೋ, ಗಾಳಿ ಬರ್ತದ," ಎಂದರು. ಆಮೇಲೆ ತಮ್ಮ ಕುರ್ಚಿ ತಂದು, ಮಕ್ಕಳಿದ್ದ ಜಾಗದಲ್ಲಿ, ಆ ಮೂಲೆಯ ಕೆಳಗೆ ತಾವೇ ಕೂತರು.

ಹಬ್ಬ ಮುಗಿದ ಮೇಲಿನ ಕಮಿಟಿಯಲ್ಲಿ ಸರಳು ತೆಗೆಯುವ ಮಾತು ಬಂತಂತೆ. ನನ್ನನ್ನು ಕರೆದಿರಲಿಲ್ಲ, ಪಾಸ್ಟರರು ಹೇಳಿದ್ದು. ಕಾರ್ಯದರ್ಶಿಗಳು, "ತೆನಿ ಇನ್ನಾ ಒಣಗಿಲ್ಲ. ಇರ್ಲಿ," ಅಂದರಂತೆ. ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲವೂ. ಈಗ ಆ ತೆನೆಗಳಲ್ಲಿ ಒಂದು ಕಾಳೂ ಇಲ್ಲ, ಗುಬ್ಬಿಗಳು ತಿಂದು ಮುಗಿಸಿವೆ. ಬರೀ ದಂಟು ನೇತಾಡುತ್ತಿದೆ. ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಆರಾಧನೆ ತೋರಿಸುವ ಮೊಬೈಲನ್ನು ಜಾಗ ಬದಲಿಸಿ ಪಕ್ಕದ ಕಿಟಕಿಯ ಹತ್ತಿರ ಇಟ್ಟಿದ್ದಾರೆ.

ನನ್ನ ಬಳಿ ಯಾರೂ ಕ್ಷಮೆ ಕೇಳಿಲ್ಲ. ಕೇಳುವ ಲಕ್ಷಣವೂ ಇಲ್ಲ. ಬೆಂಚಿನಲ್ಲಿ ಈಗ ಒಬ್ಬಿಬ್ಬರು ಬಂದು ಕೂರುತ್ತಾರೆ, ಆದರೆ "ಅಂಜಬುರುಕ" ಎಂಬ ಹೆಸರು ಅಂಟಿಕೊಂಡುಬಿಟ್ಟಿದೆ. ಅದು ನೋಯಿಸುತ್ತದೆ. ನೋಯಿಸಿದಾಗಲೆಲ್ಲ ಅದನ್ನು ಮತ್ತೆ ಆತನ ಮೇಲೆ ಹಾಕುತ್ತೇನೆ. ಒಮ್ಮೆ ಹಾಕಿದರೆ ಮುಗಿಯುವ ಕೆಲಸವಲ್ಲ ಅದು. ಕರ್ತನು ಗೋಡೆ ಹಿಡಿದಿದ್ದಾನೆ ಎಂದ ಅವರ ಮಾತು ಸುಳ್ಳಲ್ಲ ಎಂದು ಈಗ ನಂಬುತ್ತೇನೆ. ಹಿಡಿಯಲು ಒಬ್ಬನ ಹೆದರಿಕೆಯನ್ನು ಉಪಯೋಗಿಸಿಕೊಂಡ, ಅವರ ತೆನೆಯನ್ನೂ ಉಪಯೋಗಿಸಿಕೊಂಡ.

ಈಗಲೂ ಆರಾಧನೆ ಮುಗಿದ ಮೇಲೆ ಎಲ್ಲರೂ ಅಂಗಳದಲ್ಲಿ ಮಾತಾಡುತ್ತ ನಿಂತಾಗ ನಾನು ತೂಗುಗುಂಡು ಹಿಡಿದು ದಕ್ಷಿಣದ ಗೋಡೆಯ ಹಿಂದೆ ಹೋಗುತ್ತೇನೆ. ಮೊದಲು ಒಬ್ಬನೇ ಹೋಗುತ್ತಿದ್ದೆ. ಒಂದು ಭಾನುವಾರ ಹೆಂಡತಿ ಗೆಳತಿಯರ ಗುಂಪನ್ನು ಬಿಟ್ಟು, ಎಲ್ಲರೂ ನೋಡುತ್ತಿದ್ದಂತೆಯೇ ನನ್ನ ಹಿಂದೆ ಬಂದಳು. ನಾನು ಏಣಿ ಹತ್ತಿ ಮೇಲಿನಿಂದ ದಾರ ಇಳಿಬಿಟ್ಟೆ. ಅವಳು ಕೆಳಗೆ ಕೂತು, ತೂಗಾಡುತ್ತಿದ್ದ ಗುಂಡನ್ನು ಎರಡೂ ಕೈಯಿಂದ ತಡೆದು ನಿಲ್ಲಿಸಿ, ಗೋಡೆಗೂ ದಾರಕ್ಕೂ ನಡುವೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು.

"ಸರದದೇನು?" ಎಂದೆ.

"ಇಲ್ರಿ," ಎಂದಳು. "ಅಲ್ಲೇ ಅದ." ಬೆರಳು ತೆಗೆಯದೆ ಮತ್ತೆ ಅಂದಳು, "ಬರೂ ಐತವಾರನೂ ನೋಡೋಣ."